ಬಣ್ಣ ಗೋಡೆಗೆ, ಘಾಟು ಹೊರಗೆ



ಮಳೆ ಹಿಂದಾಗಿ ನವರಾತ್ರಿ, ದೀಪಾವಳಿ ಹತ್ತಿರವಾದವೆಂದರೆ ನಮ್ಮ ಮನೆಗಳಲ್ಲಿ ಸುಣ್ಣಬಣ್ಣದ ಮಾತು ಏಳುತ್ತದೆ. ಮದುವೆ ಗೊತ್ತಾದ ಮನೆ, ಗೃಹಪ್ರವೇಶಕ್ಕೆ ದಿನ ಇಟ್ಟ ಮನೆ, ಬಾಡಿಗೆದಾರರು ಬದಲಾಗುವ ಮನೆ, ಇಲ್ಲೆಲ್ಲ ಆ ಮಾತಿಗೆ ಕಾಲದ ಹಂಗೂ ಇಲ್ಲ. ಯಾವ ಬಣ್ಣ, ಎಷ್ಟು ಲೀಟರು, ಕೂಲಿ ಎಷ್ಟು, ಕೆಲಸ ಎಷ್ಟು ದಿನ ಎಂದು ಲೆಕ್ಕ ಹಾಕುತ್ತೇವೆ. ಆ ಲೆಕ್ಕಕ್ಕೆ ಬಾರದೆ ಉಳಿಯುವುದು ಮನೆಯೊಳಗಿನ ಗಾಳಿ. ಡಬ್ಬದ ಮುಚ್ಚಳ ತೆಗೆದು ಘಾಟು ಮೂಗಿಗೆ ಬಡಿದಾಗ ಅದರ ನೆನಪಾಗುತ್ತದೆ. ಆಗ ಊದುಬತ್ತಿ ಹಚ್ಚುತ್ತೇವೆ, ಸಾಂಬ್ರಾಣಿ ಹಾಕುತ್ತೇವೆ, ಪರಿಮಳದ ಸ್ಪ್ರೇ ಹೊಡೆಯುತ್ತೇವೆ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟು. ಬಣ್ಣದ ಘಾಟನ್ನು ಮುಚ್ಚಲು ಹೋಗಬಾರದು, ಹೊರಗೆ ಕಳಿಸಬೇಕು. ಅದಕ್ಕೂ ಮೊದಲು, ಘಾಟು ಕಡಿಮೆ ಇರುವ ಬಣ್ಣವನ್ನೇ ಆರಿಸಿ ತರಬೇಕು. ಈ ಎರಡನ್ನೂ ಬ್ರಷ್ ಕೈಗೆ ತೆಗೆದುಕೊಳ್ಳುವ ಮುಂಚೆಯೇ ಯೋಚಿಸಬೇಕು.

ಈ ಘಾಟು ಎಲ್ಲಿಂದ ಬರುತ್ತದೆ? ಯಾವುದೇ ಬಣ್ಣದ ಡಬ್ಬದಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿರುತ್ತವೆ. ಕಣ್ಣಿಗೆ ಕಾಣುವ ರಂಗಿನ ಪುಡಿ ಒಂದು. ಅದನ್ನು ಗೋಡೆಗೆ ಹಿಡಿದು ನಿಲ್ಲಿಸುವ ಅಂಟು ಇನ್ನೊಂದು. ಇವೆರಡನ್ನೂ ಬಳಿಯುವಷ್ಟು ತೆಳ್ಳಗೆ ಇಡುವ ದ್ರವ ಮೂರನೆಯದು. ಗೋಡೆಯ ಮೇಲೆ ಉಳಿಯುವುದು ಪುಡಿ ಮತ್ತು ಅಂಟು ಮಾತ್ರ. ದ್ರವದ ಕೆಲಸ ಬಳಿಯುವವರೆಗೆ. ಆಮೇಲೆ ಅದು ಆವಿಯಾಗಿ ಗಾಳಿಗೆ ಸೇರಲೇಬೇಕು, ಇಲ್ಲವಾದರೆ ಬಣ್ಣ ಒಣಗುವುದೇ ಇಲ್ಲ. ಹಾಗೆ ಹೊರಟ ಆವಿಯನ್ನೇ ನಾವು ಘಾಟು ಎನ್ನುತ್ತೇವೆ. ಕೋಣೆಯ ಉಷ್ಣತೆಯಲ್ಲೇ ಸುಲಭವಾಗಿ ಆವಿಯಾಗುವ ಇಂಗಾಲದ ಸಂಯುಕ್ತಗಳಿಗೆ ಇಂಗ್ಲಿಷಿನಲ್ಲಿ ವಿ.ಓ.ಸಿ. ಎಂಬ ಚಿಕ್ಕ ಹೆಸರಿದೆ. ಪೇಂಟ್ ಅಂಗಡಿಗೆ ಹೋದಾಗ ಈ ಮೂರು ಅಕ್ಷರಗಳು ನೆನಪಿನಲ್ಲಿರಲಿ.

ನಮ್ಮ ಹಿರಿಯರ ಕಾಲದ ಸುಣ್ಣಕ್ಕೆ ಈ ತೊಂದರೆ ಇರಲಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಚೂರು ನೀಲಿ ಬೆರೆಸಿ ಬಳಿಯುತ್ತಿದ್ದರು. ಅದರಿಂದ ಗಾಳಿಗೆ ಹೋಗುವುದು ನೀರಿನ ಆವಿ ಮಾತ್ರ. ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬೂಷ್ಟಿಗೂ ಸುಣ್ಣದ ಕ್ಷಾರ ಆಗಿಬರುವುದಿಲ್ಲ. ಹಳ್ಳಿಯ ಹಳೆಯ ಮನೆ, ದನದ ಕೊಟ್ಟಿಗೆ, ಕಾಂಪೌಂಡು, ಉಗ್ರಾಣ ಇವಕ್ಕೆ ಇಂದಿಗೂ ಸುಣ್ಣವೇ ಒಳ್ಳೆಯದು. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರ ಬೇಕು. ಪ್ಲಾಸ್ಟಿಕ್ ಪೇಂಟ್ ಕಂಡ ಗೋಡೆಯ ಮೇಲೆ ಮಾತ್ರ ಸುಣ್ಣ ಹಿಡಿಯುವುದಿಲ್ಲ. ಅದಕ್ಕೆ ನೀರು ಕುಡಿಯುವ ಗಾರೆಯ ಮೈ ಬೇಕು.

ಬಣ್ಣಕ್ಕೆ ಘಾಟಿನ ದ್ರವ ಬೇಕೇ ಬೇಕು ಎಂದೇನಿಲ್ಲ ಎಂಬುದಕ್ಕೆ ನಮ್ಮ ಚನ್ನಪಟ್ಟಣದ ಗೊಂಬೆಗಳೂ ಸಾಕ್ಷಿ. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆರಿದೊಡನೆ ಗಟ್ಟಿಯಾಗುತ್ತದೆ. ಥಿನ್ನರ್ ಇಲ್ಲ, ಆವಿಯೂ ಇಲ್ಲ.

ಇಂದಿನ ಮನೆಗೆ ಬರೋಣ. ಗೋಡೆಗೆ ಹೆಚ್ಚಾಗಿ ಬಳಸುವುದು ಡಿಸ್ಟೆಂಪರ್ ಮತ್ತು ಎಮಲ್ಷನ್. ಇವೆರಡೂ ನೀರಿನಲ್ಲಿ ಕಲಸುವ ಬಣ್ಣಗಳು. ಇವುಗಳಲ್ಲಿಯೂ ಸ್ವಲ್ಪ ವಿ.ಓ.ಸಿ. ಇರುತ್ತದೆ. ಅಂಟಿನ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳಲೆಂದು, ಡಬ್ಬದಲ್ಲಿ ಬಣ್ಣ ಕೆಡದಿರಲೆಂದು ಸೇರಿಸುವ ವಸ್ತುಗಳಿಂದ ಬರುವ ವಾಸನೆ ಅದು. ಆದರೂ ಆವಿಯ ಬಹುಪಾಲು ನೀರೇ. ಬಾಗಿಲು, ಕಿಟಕಿ, ಗ್ರಿಲ್ಲುಗಳಿಗೆ ಹೊಡೆಯುವ ಆಯಿಲ್ ಪೇಂಟು, ಅಂದರೆ ಎನಾಮಲ್, ಬೇರೆ ಜಾತಿ. ಅದನ್ನು ತೆಳ್ಳಗೆ ಮಾಡುವುದು ಟರ್ಪೆಂಟೈನ್ ಅಥವಾ ಥಿನ್ನರ್. ಅದು ಆವಿಯಾಗಿ ಹೋದ ಮೇಲೂ ಎನಾಮಲ್ಲಿನ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಆ ಹೊತ್ತಿನಲ್ಲೂ ವಾಸನೆ ಬಿಡುತ್ತದೆ. ಮುಟ್ಟಿದರೆ ಒಣಗಿದಂತಿರುವ ಬಾಗಿಲು ವಾರಗಟ್ಟಲೆ ನಾರುವುದು ಇದರಿಂದಲೇ.

ಎರಡರ ಅಂತರ ಎಷ್ಟೆಂದು ತಿಳಿಯಲು ಯುರೋಪಿನ ಕಾನೂನನ್ನು ನೋಡಬಹುದು. ಅಲ್ಲಿ 2010ರಿಂದ ಒಳಗೋಡೆಯ ಹೊಳಪಿಲ್ಲದ ಬಣ್ಣದಲ್ಲಿ ಲೀಟರಿಗೆ 30 ಗ್ರಾಂಗಿಂತ ಹೆಚ್ಚು ವಿ.ಓ.ಸಿ. ಇರುವಂತಿಲ್ಲ. ಮರ ಮತ್ತು ಕಬ್ಬಿಣಕ್ಕೆ ಹೊಡೆಯುವ ಎಣ್ಣೆ ಬಣ್ಣಕ್ಕೆ ಅದೇ ಕಾನೂನು 300 ಗ್ರಾಂವರೆಗೆ ಅವಕಾಶ ಕೊಟ್ಟಿದೆ. ಹತ್ತು ಪಟ್ಟು! ಬಾಗಿಲುಗಳಿಗೆ ತರುವ ಒಂದು ಲೀಟರ್ ಎಣ್ಣೆ ಬಣ್ಣ, ಗೋಡೆಗೆ ತರುವ ಹತ್ತು ಲೀಟರಿನಷ್ಟು ವಿ.ಓ.ಸಿ.ಯನ್ನು ಮನೆಯೊಳಗೆ ಬಿಡಬಹುದು. ಆದ್ದರಿಂದ ಘಾಟು ಕಡಿಮೆ ಮಾಡಬೇಕೆನ್ನುವವರು ಮೊದಲು ಕಣ್ಣಿಡಬೇಕಾದ್ದು ಬಾಗಿಲು ಕಿಟಕಿಗಳ ಮೇಲೆ. ನೀರಿನಲ್ಲಿ ಕಲಸುವ ಎನಾಮಲ್ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ತುಸು ಹೆಚ್ಚಾದರೂ ಮಲಗುವ ಕೋಣೆಯ ಬಾಗಿಲಿಗಾದರೂ ಅದನ್ನೇ ಕೇಳಿ ತನ್ನಿ.

ಮರದ ಪಾಲಿಷ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೆಲಮೈನ್ ಪಾಲಿಷ್ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತದೆ. ಕಣ್ಣು ಉರಿಸುವ, ಗಂಟಲು ಕೆರೆಯುವ ಅನಿಲ ಅದು. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಇದೆ. ಹೊಸ ವಾರ್ಡ್‌ರೋಬು, ಅಡುಗೆಮನೆಯ ಕಪಾಟುಗಳ ಪ್ಲೈವುಡ್ಡು, ಅದುಮಿ ಮಾಡಿದ ಹಲಗೆಗಳ ಅಂಟಿನಿಂದಲೂ ಅದೇ ಅನಿಲ ಬರುತ್ತದೆ. ಹೊಸ ಮನೆಯಲ್ಲಿ ಕಣ್ಣು ಉರಿದರೆ ಗೋಡೆಯನ್ನಷ್ಟೇ ದೂರಬೇಡಿ, ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ. ಸಾಧ್ಯವಿದ್ದ ಕಡೆ ಬಾಗಿಲು, ಮಂಚ, ಕುರ್ಚಿಗಳ ಪಾಲಿಷ್ ಕೆಲಸವನ್ನು ತಾರಸಿಯಲ್ಲೋ ಅಂಗಳದಲ್ಲೋ ಮುಗಿಸಿ, ಒಣಗಿದ ಮೇಲೆ ಒಳಗೆ ತರುವುದು ಉತ್ತಮ.

ಅಂಗಡಿಯಲ್ಲಿ ಏನು ಕೇಳಬೇಕು? ಡಬ್ಬದ ಮೇಲೆ ವಿ.ಓ.ಸಿ. ಲೀಟರಿಗೆ ಎಷ್ಟು ಗ್ರಾಂ ಎಂದು ಬರೆದಿದೆಯೇ ನೋಡಿ. ವಾಸನೆ ಕಡಿಮೆ ಎಂದು ಬರೆದದ್ದು ಮತ್ತು ವಿ.ಓ.ಸಿ. ಕಡಿಮೆ ಎಂದು ಬರೆದದ್ದು ಎರಡೂ ಒಂದೇ ಅಲ್ಲ. ಪರಿಮಳ ಬೆರೆಸಿಯೂ ಘಾಟನ್ನು ಮರೆಸಬಹುದು. ಹೊರಡುವ ಆವಿ ಅದರಿಂದ ಕಡಿಮೆಯಾಗುವುದಿಲ್ಲ. ಅಂಗಡಿಯ ಯಂತ್ರದಲ್ಲಿ ಬೆರೆಸಿ ಕೊಡುವ ಗಾಢ ರಂಗುಗಳಲ್ಲಿ, ಆ ಬೆರೆಸುವ ದ್ರಾವಣದಿಂದಲೂ ಸ್ವಲ್ಪ ವಿ.ಓ.ಸಿ. ಸೇರಬಹುದು; ತಿಳಿ ಬಣ್ಣಗಳಿಗೆ ಆ ದ್ರಾವಣ ಕಡಿಮೆ ಸಾಕು. ಇನ್ನೊಂದು ಮಾತು. ಅಟ್ಟದ ಮೇಲೆ ವರ್ಷಗಳಿಂದ ಕುಳಿತ ಅರ್ಧ ಡಬ್ಬ ಎಮಲ್ಷನ್ನನ್ನು ಮೂಸದೆ ಬಳಸಬೇಡಿ. ನೀರಿನ ಬಣ್ಣದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಕೆಟ್ಟಿದೆ ಎಂದೇ ಅರ್ಥ. ಗೋಡೆಗೆ ಬಳಿದ ಮೇಲೆ ಆ ದುರ್ವಾಸನೆ ಒಣಗಿದರೂ ಬಿಡುವುದಿಲ್ಲ.

ಇನ್ನು ಕೆಲಸದ ಕಾಲ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರಿನ ಬಣ್ಣ ಒಣಗುವುದು ತಡ, ಘಾಟು ಹೋಗುವುದೂ ತಡ. ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗಿನ ಬಣ್ಣದ ಕೆಲಸ ಬೇಡವೆನ್ನುವುದಕ್ಕೆ ಇದೇ ಕಾರಣ. ಮಳೆ ಬರುತ್ತಿದ್ದರೆ ಕಿಟಕಿ ತೆರೆದಿಡಲೂ ಆಗುವುದಿಲ್ಲ. ಹಬ್ಬಕ್ಕೆ ಎರಡೇ ದಿನ ಇರುವಾಗ ಬಳಿಸುವ ರೂಢಿಯನ್ನು ಬಿಡಬೇಕು. ಗೃಹಪ್ರವೇಶದ ಹಿಂದಿನ ರಾತ್ರಿಯವರೆಗೂ ಎನಾಮಲ್ ಹೊಡೆಸಿ, ಬೆಳಗ್ಗೆ ಅದೇ ಮನೆಯಲ್ಲಿ ಹೋಮ ಮಾಡಿಸಿ, ನೂರು ಜನ ಸೇರಿದರೆ, ಹೊಗೆಯೂ ಘಾಟೂ ಕೂಡಿ ಮಕ್ಕಳು ಮುದುಕರು ಉಸಿರಿಗೆ ಒದ್ದಾಡುತ್ತಾರೆ. ಎಣ್ಣೆ ಬಣ್ಣ, ಪಾಲಿಷ್‌ಗಳಂಥ ಹೆಚ್ಚು ಘಾಟಿನ ಕೆಲಸವನ್ನು ಆದಷ್ಟು ಮೊದಲು ಮುಗಿಸಿ, ಗೋಡೆಯ ಕೊನೆಯ ಕೋಟನ್ನು ಆಮೇಲೆ ಇಟ್ಟುಕೊಳ್ಳಿ. ವಾಸಕ್ಕೆ ಬರುವ ಮುಂಚೆ ಕೊನೆಯ ಪಕ್ಷ ಒಂದು ವಾರ, ಸಾಧ್ಯವಾದರೆ ಎರಡು ವಾರ, ಮನೆ ಗಾಳಿಯಾಡಲಿ.

ಕೋಟ್ ತೆಳುವಾಗಿರಬೇಕು. ದಪ್ಪಗೆ ಒಂದೇ ಸಲ ಬಳಿದರೆ ಮೇಲಿನ ಪದರ ಒಣಗಿ, ಒಳಗಿನ ದ್ರವ ಸಿಕ್ಕಿಬಿದ್ದು, ದಿನಗಟ್ಟಲೆ ಮೆಲ್ಲಮೆಲ್ಲನೆ ಘಾಟು ಬಿಡುತ್ತದೆ. ತೆಳುವಾಗಿ ಎರಡು ಕೋಟ್, ನಡುವೆ ಡಬ್ಬದ ಮೇಲೆ ಬರೆದಷ್ಟು ಹೊತ್ತಿನ ಬಿಡುವು. ಎಮಲ್ಷನ್ನಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ, ಎನಾಮಲ್ಲಿಗೆ ಒಂದು ರಾತ್ರಿ. ಹೊಸ ಗಾರೆಯಾದರೆ ಅದು ಪೂರ್ತಿ ಒಣಗಲು ನಾಲ್ಕು ವಾರ ಬಿಡಬೇಕು. ಹಸಿ ಗೋಡೆಗೆ ಬಳಿದ ಬಣ್ಣ ಗುಳ್ಳೆ ಏಳುತ್ತದೆ, ಬೂಷ್ಟಿನ ವಾಸನೆಯೂ ಜೊತೆಗೂಡುತ್ತದೆ.

ಬಳಿಯುವ ಕೋಣೆಯನ್ನು ಮೊದಲು ಬರಿದು ಮಾಡಿ. ಹಾಸಿಗೆ, ದಿಂಬು, ಹತ್ತಿಯ ಗಾದಿ, ಪರದೆ, ಬಟ್ಟೆಬರೆ, ಪುಸ್ತಕ ಇವೆಲ್ಲ ಘಾಟನ್ನು ಹೀರಿ ಇಟ್ಟುಕೊಂಡು, ಬಣ್ಣ ಒಣಗಿದ ಎಷ್ಟೋ ದಿನಗಳ ಮೇಲೂ ಬಿಡುತ್ತಿರುತ್ತವೆ. ಅಡುಗೆಮನೆಯ ಸರದಿ ಬಂದಾಗ ಅಕ್ಕಿ, ಬೇಳೆ, ಹಿಟ್ಟಿನ ಡಬ್ಬಿಗಳನ್ನು ಹೊರಗೆ ಸಾಗಿಸಿ. ಹಾಲು, ಬೆಣ್ಣೆ, ತುಪ್ಪ, ಎಣ್ಣೆಗಳನ್ನಂತೂ ತೆರೆದಿಡಲೇಬಾರದು, ಜಿಡ್ಡಿಗೆ ಥಿನ್ನರ್ ಆವಿ ಬೇಗ ಹತ್ತುತ್ತದೆ. ಕಪಾಟಿನ ಒಳಮೈಗೆ ಎನಾಮಲ್ ಹೊಡೆಸಿದ್ದರೆ ಅದರ ಬಾಗಿಲನ್ನು ದಿನಗಟ್ಟಲೆ ತೆರೆದಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಸಾಮಾನು ಜೋಡಿಸಿ. ಪಂಜರದ ಹಕ್ಕಿಗಳಿದ್ದರೆ ನೆರೆಯವರ ಮನೆಗೆ ಕೊಡಿ. ಅವುಗಳ ಉಸಿರಿನ ಅಂಗ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಮೀನಿನ ತೊಟ್ಟಿಯನ್ನೂ ಬೇರೆ ಕೋಣೆಗೆ ಸರಿಸಿ. ಅದರ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ.

ಈಗ ಗಾಳಿಯ ವಿಷಯ. ಇದೇ ಇಡೀ ಮಾತಿನ ತಿರುಳು. ಒಂದು ಕಿಟಕಿ ತೆರೆದರೆ ಸಾಲದು. ಮಜ್ಜಿಗೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಸುರಿಯದೆ ತಡವರಿಸುವಂತೆ ಗಾಳಿಯೂ ಒಂದೇ ದಾರಿಯಲ್ಲಿ ಸರಾಗವಾಗಿ ಹರಿಯುವುದಿಲ್ಲ. ಬರಲು ಒಂದು ದಾರಿ, ಹೋಗಲು ಎದುರಿಗೆ ಇನ್ನೊಂದು ದಾರಿ ಬೇಕು. ಗಾಳಿ ಹೋಗುವ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಡಿ. ಒಳಮುಖವಾಗಿಟ್ಟರೆ ಅದು ಘಾಟನ್ನು ಮನೆಯ ಉಳಿದ ಕೋಣೆಗಳಿಗೆ ತಳ್ಳುತ್ತದೆ. ಸೀಲಿಂಗ್ ಫ್ಯಾನು ಅದೇ ಗಾಳಿಯನ್ನು ಕಲಕುತ್ತದೆಯೇ ಹೊರತು ಹೊರಗೆ ಹಾಕುವುದಿಲ್ಲ. ಏ.ಸಿ. ಕೂಡ ಹಾಗೆಯೇ: ಗೋಡೆಗೆ ತೂಗುಹಾಕುವ ಸಾಮಾನ್ಯ ಏ.ಸಿ. ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಕೋಣೆಗೆ ಬಿಡುತ್ತದೆ. ಬಳಿದ ಕೋಣೆಯ ಕಿಟಕಿ ಮುಚ್ಚಿ ಏ.ಸಿ. ಹಾಕುವುದೆಂದರೆ ಘಾಟಿಗೆ ಬೀಗ ಹಾಕಿದಂತೆಯೇ. ವಾಸವಿರುವ ಕೋಣೆಗಳ ಕಡೆಯ ಬಾಗಿಲು ಮುಚ್ಚಿ, ಅದರ ಅಡಿಯ ಸಂದಿಗೆ ಒದ್ದೆ ಟವೆಲ್ಲು ಒತ್ತಿಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಓಣಿಯ ಕಡೆಯ ಬಾಗಿಲು ತೆರೆದಿಡಬೇಡಿ. ನಿಮ್ಮ ಘಾಟು ನೆರೆಯವರ ಮನೆ ಸೇರುವುದು ನ್ಯಾಯವಲ್ಲ.

ನಮ್ಮ ಊರುಗಳಲ್ಲಿ ಸಂಜೆಯಾದರೆ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುತ್ತೇವೆ. ಹಗಲಿಡೀ ಬಳಿದ ಬಣ್ಣ ರಾತ್ರಿಯಿಡೀ ಆವಿ ಬಿಡುವ ಹೊತ್ತಿಗೇ ಮನೆ ಮುಚ್ಚಿರುತ್ತದೆ. ಬಣ್ಣದ ಕೆಲಸಕ್ಕೆ ಮುಂಚೆ ಕಿಟಕಿಗಳಿಗೆ ಸೊಳ್ಳೆಪರದೆಯ ಜಾಲರಿ ಹಾಕಿಸಿಕೊಂಡರೆ ರಾತ್ರಿಯೂ ತೆರೆದಿಡಬಹುದು. ಥಿನ್ನರ್, ಟರ್ಪೆಂಟೈನ್‌ಗಳ ಆವಿ ಗಾಳಿಗಿಂತ ಭಾರ, ಅದು ನೆಲದ ಮಟ್ಟದಲ್ಲಿ ತಂಗುತ್ತದೆ. ಅಂಬೆಗಾಲಿಡುವ ಕೂಸು ಆಡುವುದು, ಅಜ್ಜ ಅಜ್ಜಿ ಚಾಪೆ ಹಾಸುವುದು ಅದೇ ಮಟ್ಟದಲ್ಲಿ. ಆದ್ದರಿಂದ ಎನಾಮಲ್ ಹೊಡೆದ ಕೋಣೆಯಲ್ಲಿ ನೆಲದ ಮೇಲೆ ಯಾರೂ ಮಲಗಬಾರದು. ಕೆಳಗಿನಿಂದ ಗಾಳಿ ಆಡಲೆಂದು ಬಾಲ್ಕನಿಯ ಬಾಗಿಲನ್ನೂ ತೆರೆದಿಡಬೇಕು.

ಊದುಬತ್ತಿ, ಕರ್ಪೂರ, ಸಾಂಬ್ರಾಣಿಗಳ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಥಿನ್ನರ್ ಆವಿ ಬೆಂಕಿಗೆ ತಟ್ಟನೆ ಹತ್ತಿಕೊಳ್ಳುತ್ತದೆ. ಎನಾಮಲ್ ಅಥವಾ ಪಾಲಿಷ್ ನಡೆಯುತ್ತಿರುವಾಗ ಆ ಕಡೆ ದೀಪ, ಊದುಬತ್ತಿ, ಬೀಡಿ, ಗ್ಯಾಸ್ ಒಲೆ ಯಾವುದೂ ಉರಿಯಬಾರದು. ದೇವರ ಮನೆಯ ನಂದಾದೀಪವನ್ನು ಆ ದಿನಗಳ ಮಟ್ಟಿಗೆ ಬೇರೆ ಕಡೆ ಇಡಿ. ಪಾಲಿಷ್ ಮಾಡಿದ ಅಗಸೆ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲವು. ಬಿಡಿಸಿ ಬಯಲಿನಲ್ಲಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಬೇಕು.

ಹೆಚ್ಚಿದ ಈರುಳ್ಳಿ, ಬಕೆಟ್ ನೀರು ಇವುಗಳ ಬಗ್ಗೆ ಹಲವರು ಕೇಳುತ್ತಾರೆ. ಈರುಳ್ಳಿಯ ವಾಸನೆ ಬಣ್ಣದ ವಾಸನೆಯನ್ನು ಮರೆಸುತ್ತದೆ, ಅಷ್ಟೆ. ಎಣ್ಣೆ ಬಣ್ಣದ ಆವಿ ನೀರಿನಲ್ಲಿ ಕರಗುವಂಥದ್ದಲ್ಲ, ಹಾಗಾಗಿ ಬಕೆಟ್ ನೀರಿನಿಂದ ಹೆಚ್ಚು ಪ್ರಯೋಜನವಿಲ್ಲ. ಸಕ್ರಿಯಗೊಳಿಸಿದ ಇದ್ದಲು ಆವಿಯನ್ನು ನಿಜವಾಗಿಯೂ ಹಿಡಿದಿಡುತ್ತದೆ. ಅದನ್ನು ಮುಚ್ಚಿದ ಕಪಾಟಿನಲ್ಲಿ ಇಟ್ಟರೆ ಫಲವುಂಟು, ಇಡೀ ಹಜಾರಕ್ಕೆ ಒಂದು ತಟ್ಟೆ ಸಾಲದು. ಮನೆಯೊಳಗಿನ ಗಿಡಗಳ ಮೇಲೂ ಭರವಸೆ ಇಡಬೇಡಿ. ಗಿಡಗಳು ಗಾಳಿಯ ರಾಸಾಯನಿಕಗಳನ್ನು ತೆಗೆಯುತ್ತವೆ ಎಂದು 1989ರಲ್ಲಿ ನಾಸಾದ ಪ್ರಯೋಗ ತೋರಿಸಿತು ನಿಜ, ಅದು ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನು 2019ರಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದವರು, ಗಾಳಿಯಾಟ ಮಾಡುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕೆಂದು ಕಂಡುಕೊಂಡರು. ಗಿಡ ಚೆಲುವಿಗಿರಲಿ, ಘಾಟಿಗೆ ಕಿಟಕಿಯೇ ಮದ್ದು.

ನಮ್ಮ ಮೂಗನ್ನೂ ಪೂರ್ತಿ ನಂಬುವಂತಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ, ವಾಸನೆ ಹೋಯಿತೆಂದೇ ತೋರುತ್ತದೆ. ಹೊರಗಿನಿಂದ ಬಂದವರನ್ನು ಕೇಳಿ, ಅಥವಾ ನೀವೇ ಒಂದು ಗಂಟೆ ಹೊರಗೆ ಓಡಾಡಿ ಬಂದು ನೋಡಿ. ತಲೆನೋವು, ತಲೆಸುತ್ತು, ಓಕರಿಕೆ, ಕಣ್ಣುರಿ ಬಂದರೆ ಕೂಡಲೇ ಬಯಲಿಗೆ ಬನ್ನಿ. ಬಸುರಿಯರು, ಹಸುಗೂಸುಗಳು, ಉಬ್ಬಸವಿರುವವರು ಆ ದಿನಗಳಲ್ಲಿ ಬೇರೆ ಮನೆಯಲ್ಲಿ ಉಳಿಯುವುದು ಒಳಿತು. ತವರಿಗೆ ಹೋಗಿ ಬರಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ವಾಸನೆಯೇ ಇಲ್ಲದ ಅಪಾಯವೂ ಒಂದಿದೆ, ಅದು ಸೀಸ. ನಮ್ಮ ದೇಶದಲ್ಲಿ 2016ರ ನಿಯಮಗಳು ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಇರಬಾರದೆಂದು ವಿಧಿಸಿವೆ. 2017ರ ನವೆಂಬರ್‌ನಿಂದ ಅವು ಜಾರಿಯಲ್ಲಿವೆ. ಅದಕ್ಕೂ ಹಿಂದಿನ ಎಣ್ಣೆ ಬಣ್ಣ ಹಳೆಯ ಬಾಗಿಲು, ಕಿಟಕಿ, ಗ್ರಿಲ್ಲುಗಳ ಮೇಲೆ ಇದ್ದೇ ಇರುತ್ತದೆ. ಹೊಸ ಬಣ್ಣಕ್ಕೆ ಮುಂಚೆ ಅದನ್ನು ಒಣಗಿದಂತೆಯೇ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ಮಕ್ಕಳ ಮಿದುಳಿಗೆ ಅದು ವಿಷ. ನೀರು ಹಚ್ಚಿ ಉಜ್ಜಿಸಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿಸಿ.

ಕೊನೆಯದಾಗಿ ಬಣ್ಣ ಬಳಿಯಲು ಬರುವವರ ಮಾತು. ನಮಗೆ ಈ ಘಾಟು ಕೆಲವು ವರ್ಷಗಳಿಗೊಮ್ಮೆ ಬರುವ ತೊಂದರೆ. ಪೇಂಟರಿಗೆ ಅದು ದಿನದಿನದ ಉಸಿರು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪೇಂಟರ್ ವೃತ್ತಿಯನ್ನು ಕ್ಯಾನ್ಸರಿಗೆ ಕಾರಣವಾಗುವ ವೃತ್ತಿಗಳ ಸಾಲಿಗೆ 1989ರಲ್ಲೇ ಸೇರಿಸಿತು, ಮುಂದಿನ ಪರಿಶೀಲನೆಗಳಲ್ಲೂ ಆ ತೀರ್ಮಾನವನ್ನು ಉಳಿಸಿಕೊಂಡಿತು. ಮುಖಕ್ಕೆ ಕಟ್ಟಿದ ಕರ್ಚೀಫಾಗಲಿ, ಕೊರೋನಾ ಕಾಲದ ಮಾಸ್ಕಾಗಲಿ ಧೂಳನ್ನು ತಡೆಯಬಹುದು, ಆವಿಯನ್ನು ತಡೆಯುವುದಿಲ್ಲ. ಆವಿಗೆ ಇದ್ದಲಿನ ಡಬ್ಬಿ ಇರುವ ಮುಖವಾಡವೇ ಬೇಕು. ಮೇಸ್ತ್ರಿಯೊಡನೆ ಕೂಲಿ ಮಾತಾಡುವಾಗ ಅದರ ಖರ್ಚನ್ನೂ ಸೇರಿಸಿ ಮಾತಾಡಿ. ನಡುನಡುವೆ ಹೊರಗೆ ಬಂದು ಉಸಿರಾಡಲು ಬಿಡುವು ಕೊಡಿ, ಊಟ ಮತ್ತು ಚಹಾವನ್ನು ಬಳಿಯುವ ಕೋಣೆಯಿಂದ ಆಚೆ ಕೊಡಿ. ಬೇಗ ಮುಗಿಸಿ ಎಂದು ಅವಸರ ಮಾಡಬೇಡಿ. ಸಂಜೆ ಹೋಗುವಾಗ ಡಬ್ಬಗಳ ಮುಚ್ಚಳ ಬಿಗಿಯಾಗಿ ಹಾಕಿ, ಬ್ರಷ್ ತೊಳೆದ ಟರ್ಪೆಂಟೈನನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ಮುಚ್ಚಿ, ಎಲ್ಲವನ್ನೂ ಮನೆಯ ಹೊರಗೆ ಇಡುವಂತೆ ನೋಡಿಕೊಳ್ಳಿ.

ಕೇಳುಗರೇ, ಈ ಹಬ್ಬಕ್ಕೆ ಬಣ್ಣ ಬಳಿಸುವ ಯೋಚನೆಯಿದ್ದರೆ ದಿನ ಗೊತ್ತು ಮಾಡುವ ಮುಂಚೆ ಮೂರು ಕೆಲಸ ಮಾಡಿ. ಅಂಗಡಿಯಲ್ಲಿ ನೀರಿನ ಎನಾಮಲ್ ಕೇಳಿ. ಪ್ರತಿ ಕೋಣೆಯಲ್ಲೂ ಗಾಳಿ ಬರುವ ದಾರಿ, ಹೋಗುವ ದಾರಿ ಗುರುತಿಸಿ. ಹಬ್ಬಕ್ಕೂ ಕೆಲಸಕ್ಕೂ ನಡುವೆ ಎರಡು ವಾರ ಬಿಡಿ. ಕಿಟಕಿ ತೆರೆಯಲು ಕಾಸು ಖರ್ಚಿಲ್ಲ. ನಿಮ್ಮ ಮನೆಯವರ ಉಸಿರಿಗೂ, ಬಣ್ಣ ಬಳಿಯಲು ಬಂದವರ ಉಸಿರಿಗೂ ಅದನ್ನು ತೆರೆದಿಡಿ.